ಸಣ್ಣ ಜಾಲತಾಣ ಮತ್ತು ಜಾಹೀರಾತಿನ ಸಂಪಾದನೆ: ಮೂರು ದಶಕಗಳ ಲೆಕ್ಕ

ಪುಣೆಯ ಪಶ್ಚಿಮಕ್ಕೆ, ಮುಳಶಿ ತಾಲೂಕಿನಲ್ಲಿರುವ ಹಿಂಜವಾಡಿಯು ಮೂವತ್ತು ವರ್ಷಗಳ ಹಿಂದೆ ಹೊಲಗದ್ದೆಗಳ ಒಂದು ಹಳ್ಳಿ. ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮವು ಅಲ್ಲಿ ರಾಜೀವ್ ಗಾಂಧಿ ಇನ್ಫೋಟೆಕ್ ಪಾರ್ಕನ್ನು ಕಟ್ಟಿಸಿದ ಮೇಲೆ ಆ ಹೆಸರು ನಮ್ಮ ಮನೆಗಳಲ್ಲಿಯೂ ದಿನಬಳಕೆಯ ಮಾತಾಯಿತು. ಪಕ್ಕದ ವಾಕಡದ ಬಳಿ ಹಾದುಹೋಗುವ ಹೆದ್ದಾರಿಯೇ ಸಾತಾರಾ, ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳ ಮೇಲೆ ಹಾದು ಬೆಂಗಳೂರನ್ನು ಮುಟ್ಟುತ್ತದೆ. ಆ ಊರುಗಳ ನಮ್ಮ ಮಕ್ಕಳು ಅದೇ ದಾರಿ ಹಿಡಿದು ಇಲ್ಲಿಗೆ ಬಂದರು. ಹಗಲೆಲ್ಲ ಪರದೇಶದ ಕಂಪೆನಿಗಳಿಗಾಗಿ ಸಾಫ್ಟ್‌ವೇರ್ ಬರೆದು, ರಾತ್ರಿ ಊಟವಾದ ಮೇಲೆ ತಮ್ಮದೇ ಒಂದು ಪುಟ್ಟ ಜಾಲತಾಣವನ್ನು ನಡೆಸುವವರು ಅವರಲ್ಲಿ ಇದ್ದಾರೆ. ಒಬ್ಬರದು ರೊಟ್ಟಿ-ಎಣಗಾಯಿಯ ಅಡಿಗೆ, ಇನ್ನೊಬ್ಬರದು ವಚನಗಳ ಅರ್ಥ, ಮತ್ತೊಬ್ಬರದು ಪರಊರಿನ ಮಕ್ಕಳಿಗೆ ಕನ್ನಡ ಅಕ್ಷರಾಭ್ಯಾಸ.

ಇವರೆಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಒಂದೇ: ‘ತಾಣದ ಖರ್ಚನ್ನು ತಾಣವೇ ದುಡಿದೀತೆ? ಯಾವ ಜಾಹೀರಾತು ಕಂಪೆನಿಯನ್ನು ಹಿಡಿದರೆ ನಾಲ್ಕು ಕಾಸು ಹೆಚ್ಚು ಬಂದೀತು?’ ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಖರ್ಚು ಹುಟ್ಟದೆ ತಾಣ ಮುಚ್ಚಿದರೆ ಅದರೊಳಗಿನ ಬರಹವೂ ಮರೆಯಾಗುತ್ತದೆ. ಮುದ್ರಿತ ಪುಸ್ತಕ ಯಾರದಾದರೂ ಅಟ್ಟದ ಮೇಲೆ ಉಳಿದೀತು. ಬಾಡಿಗೆ ಕಟ್ಟದ ಜಾಲತಾಣ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಆದುದರಿಂದ ಈ ಪ್ರಶ್ನೆಗೆ ಉತ್ತರ ಹುಡುಕುವುದು ಕನ್ನಡದ ಕೆಲಸವೇ ಆಗಿದೆ. ಇಂದಿನ ದರಪಟ್ಟಿಯನ್ನಷ್ಟೇ ನೋಡಿದರೆ ಆ ಉತ್ತರ ಸಿಕ್ಕದು. ಈ ವ್ಯವಹಾರ ನಡೆದುಬಂದ ದಾರಿಯನ್ನು ತುಸು ಹಿಂದಿನಿಂದ ನೋಡಬೇಕು.

ಪತ್ರಿಕೆಗಳ ಕಾಲದ ಪಾಠ

‘ಜಾಹೀರಾತು’ ಎಂಬ ಮಾತು ನಮಗೆ ಬಂದದ್ದೇ ಮರಾಠಿಯ ‘ಜಾಹಿರಾತ್’ ಮೂಲಕ. ಅದರ ಬೇರಿನಲ್ಲಿರುವ ಅರಬ್ಬಿಯ ‘ಜಾಹಿರ್’ ಎಂದರೆ ಬಹಿರಂಗವಾದದ್ದು. ಭಾರತದ ಮೊದಲ ಪತ್ರಿಕೆಯೆಂದು ಹೆಸರಾದ, 1780ರ ಜನವರಿ 29ರಂದು ಜೇಮ್ಸ್ ಆಗಸ್ಟಸ್ ಹಿಕಿ ಕಲಕತ್ತೆಯಲ್ಲಿ ಹೊರಡಿಸಿದ ‘ಬೆಂಗಾಲ್ ಗೆಜೆಟ್’ಗೆ ‘ಕ್ಯಾಲ್ಕಟಾ ಜನರಲ್ ಅಡ್ವರ್ಟೈಸರ್’ ಎಂಬ ಇನ್ನೊಂದು ಹೆಸರೂ ಇತ್ತು. ಅಂದರೆ ನಮ್ಮ ದೇಶದಲ್ಲಿ ಪತ್ರಿಕೆಯೂ ಜಾಹೀರಾತೂ ಅವಳಿಜವಳಿಯಾಗಿಯೇ ಹುಟ್ಟಿದವು. ಹಿಕಿಯು ಕಂಪೆನಿ ಸರಕಾರದವರನ್ನು ಟೀಕಿಸತೊಡಗಿದಾಗ ಅದೇ ವರ್ಷದ ನವೆಂಬರಿನಲ್ಲಿ ಅವನ ಪತ್ರಿಕೆಯನ್ನು ಅಂಚೆಯ ಮೂಲಕ ಕಳಿಸಬಾರದೆಂದು ಆಜ್ಞೆಯಾಯಿತು. 1782ರಲ್ಲಿ ಮುದ್ರಣದ ಅಚ್ಚುಮೊಳೆಗಳನ್ನೂ ಕಿತ್ತುಕೊಂಡರು. ಬರೆಯುವವನು ಎಷ್ಟೇ ಗಟ್ಟಿಗನಿರಲಿ, ಓದುಗನವರೆಗಿನ ದಾರಿ ಇನ್ನೊಬ್ಬನ ಕೈಯಲ್ಲಿದ್ದರೆ ಗತಿಯೇನೆಂಬುದಕ್ಕೆ ಇದು ನಮ್ಮಲ್ಲಿಯ ಮೊದಲ ಉದಾಹರಣೆ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹೊರಬಂತು. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಮರುವರ್ಷವೇ ಅದು ಮುದ್ರಣದ ಅನುಕೂಲಕ್ಕಾಗಿ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂದು ಹೆಸರು ಬದಲಿಸಿತು. ಅದರ ಬೆನ್ನಿಗೆ ಮಿಶನ್ ಇತ್ತು. ಬೆನ್ನಿಗೆ ಯಾರೂ ಇಲ್ಲದ ಪತ್ರಿಕೆಗಳು ಚಂದಾದಾರರನ್ನೂ ಊರಿನ ವರ್ತಕರ ಜಾಹೀರಾತನ್ನೂ ನಂಬಬೇಕಾಯಿತು. ಹೀಗೆ ಹುಟ್ಟಿ ಹೀಗೆ ನಿಂತುಹೋದ ಕನ್ನಡ ಪತ್ರಿಕೆಗಳ ಪಟ್ಟಿ ಬಹಳ ಉದ್ದವಾದದ್ದು.

ಕಾಲಕ್ರಮದಲ್ಲಿ ವರ್ತಕನಿಗೂ ಪತ್ರಿಕೆಗೂ ನಡುವೆ ಜಾಹೀರಾತು ಏಜೆನ್ಸಿ ಬಂದು ನಿಂತಿತು. 1939ರಲ್ಲಿ ಪತ್ರಿಕಾ ಮಾಲೀಕರು ತಮ್ಮದೊಂದು ಸಂಘ ಕಟ್ಟಿಕೊಂಡರು. ಇಂದಿನ ‘ಇಂಡಿಯನ್ ನ್ಯೂಸ್‌ಪೇಪರ್ ಸೊಸೈಟಿ’ ಅದೇ. ಅದರ ಮಾನ್ಯತೆ ಪಡೆದ ಏಜೆನ್ಸಿಗೆ ನೂರಕ್ಕೆ 15ರಂತೆ ಕಮಿಷನ್ ಕೊಡುವ ಪದ್ಧತಿ ನೆಲೆಯಾಯಿತು. ವರ್ತಕ ಕೊಟ್ಟ ನೂರು ರೂಪಾಯಿಯಲ್ಲಿ 85 ಪತ್ರಿಕೆಗೆ ಬರುತ್ತಿತ್ತು. ಪತ್ರಿಕೆ ನಿಜವಾಗಿ ಎಷ್ಟು ಪ್ರತಿ ಮಾರಾಟವಾಗುತ್ತದೆಂದು ಪರೀಕ್ಷಿಸಲು 1948ರಲ್ಲಿ ‘ಆಡಿಟ್ ಬ್ಯೂರೋ ಆಫ್ ಸರ್ಕ್ಯುಲೇಶನ್ಸ್’ ಎಂಬ ಸಂಸ್ಥೆ ಮುಂಬಯಿಯಲ್ಲಿ ಆರಂಭವಾಯಿತು. ಜಾಹೀರಾತು ಕೊಡುವವರೂ ಏಜೆನ್ಸಿಗಳೂ ಪತ್ರಿಕೆಗಳೂ ಅದರಲ್ಲಿ ಸದಸ್ಯರು.

ಇಲ್ಲಿ ಮೂರು ಅಂಶಗಳನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು: ಓದುಗರನ್ನು ಎಣಿಸುವವರು ಯಾರು, ನಡುವಿನವರು ಇಟ್ಟುಕೊಳ್ಳುವ ಪಾಲೆಷ್ಟು, ದಾರಿ ಯಾರ ಕೈಯಲ್ಲಿದೆ. ಈ ಮೂರನ್ನೂ ಅಳತೆಗೋಲು ಮಾಡಿಕೊಂಡು ಮುಂದಿನ ಕಥೆಯನ್ನು ನೋಡೋಣ.

ಮೊದಲ ದಶಕ: ವಿನಿಮಯ ಮತ್ತು ಹರಾಜು

1994ರ ಅಕ್ಟೋಬರ್ 27ರಂದು ಅಮೆರಿಕದ ‘ಹಾಟ್‌ವೈರ್ಡ್’ ಎಂಬ ತಾಣದಲ್ಲಿ ಎ.ಟಿ. ಅಂಡ್ ಟಿ. ಕಂಪೆನಿಯ ಒಂದು ಪಟ್ಟಿಯಾಕಾರದ ಜಾಹೀರಾತು ಕಾಣಿಸಿಕೊಂಡಿತು. ‘ಬ್ಯಾನರ್’ ಎಂದು ಕರೆಯುವ ಈ ಬಗೆಯ ಜಾಹೀರಾತಿನ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದಲೇ ಆರಂಭವಾಗುತ್ತದೆ. ನಮ್ಮ ದೇಶದಲ್ಲಿ ವಿದೇಶ ಸಂಚಾರ ನಿಗಮವು ಜನಸಾಮಾನ್ಯರಿಗೆ ಅಂತರಜಾಲವನ್ನು ತೆರೆದದ್ದು 1995ರ ಆಗಸ್ಟ್ 15ರಂದು. ಅದಾದ ಮರುವರ್ಷವೇ, 1996ರಲ್ಲಿ, ಡಾ. ಯು. ಬಿ. ಪವನಜ ಅವರು ‘ವಿಶ್ವಕನ್ನಡ’ವೆಂಬ ಕನ್ನಡದ ಮೊದಲ ಅಂತರಜಾಲ ಪತ್ರಿಕೆಯನ್ನು ಆರಂಭಿಸಿದರು. ತಡವಾಗಿ ಬಂದವರೆಂಬ ಅಪವಾದ ಈ ವಿಷಯದಲ್ಲಿ ಕನ್ನಡಿಗರಿಗೆ ಸಲ್ಲದು. 2000ದಲ್ಲಿ ‘ದಟ್ಸ್‌ಕನ್ನಡ’ ಬಂತು. ಅದೇ ಮುಂದೆ ‘ಒನ್ಇಂಡಿಯಾ ಕನ್ನಡ’ವಾಯಿತು.

ಆಗಿನ ದೊಡ್ಡ ಜಾಹೀರಾತು ಕಂಪೆನಿಯಾಗಿದ್ದ ‘ಡಬಲ್‌ಕ್ಲಿಕ್’ ದೊಡ್ಡ ತಾಣಗಳ ಕಡೆಗೆ ಮಾತ್ರ ನೋಡುತ್ತಿತ್ತು. ಸಣ್ಣವರಿಗಾಗಿ 1996ರಲ್ಲಿ ‘ಲಿಂಕ್‌ಎಕ್ಸ್‌ಚೇಂಜ್’ ಎಂಬ ಮುಯ್ಯಿ ಪದ್ಧತಿ ಬಂತು. ನಿಮ್ಮ ತಾಣದಲ್ಲಿ ಪರರ ಬ್ಯಾನರನ್ನು ಎರಡು ಸಲ ತೋರಿಸಿದರೆ ನಿಮ್ಮ ಬ್ಯಾನರನ್ನು ಬೇರೆಡೆ ಒಂದು ಸಲ ತೋರಿಸುತ್ತಿದ್ದರು. ಎರಡು ಕೊಟ್ಟು ಒಂದು ಪಡೆಯುವ ಈ ಲೆಕ್ಕದಲ್ಲಿ ಉಳಿದ ಒಂದನ್ನು ಮಾರಿ ಕಂಪೆನಿ ಹಣ ಮಾಡಿತು. 1998ರಲ್ಲಿ ಮೈಕ್ರೋಸಾಫ್ಟ್ ಅದನ್ನು 26.5 ಕೋಟಿ ಡಾಲರಿಗೆ ಕೊಂಡುಕೊಂಡಿತು. ಬ್ಯಾನರನ್ನು ತೋರಿಸಿದ ಸಾವಿರಾರು ಸಣ್ಣ ತಾಣಗಳ ಕೈಗೆ ರೊಕ್ಕವೇನೂ ಬರಲಿಲ್ಲ; ನಾಲ್ಕು ಮಂದಿ ಹೆಚ್ಚು ಓದುಗರು ಬಂದಿರಬಹುದು.

ಅದೇ 1998ರಲ್ಲಿ ‘ಗೋಟು’ ಎಂಬ ಹುಡುಕುತಾಣವು ಹೊಸದೊಂದು ಪದ್ಧತಿಯನ್ನು ತಂದಿತು. ಒಂದೊಂದು ಪದಕ್ಕೂ ವರ್ತಕರು ಸವಾಲು ಕೂಗಬೇಕು; ಹೆಚ್ಚು ಕೂಗಿದವನ ಜಾಹೀರಾತು ಮೇಲೆ; ಯಾರಾದರೂ ಅದನ್ನು ಒತ್ತಿದರೆ ಮಾತ್ರ ಹಣ. ಯಾರು ಎಷ್ಟು ಕೂಗಿದ್ದಾರೆಂಬುದು ಎಲ್ಲರಿಗೂ ಕಾಣುತ್ತಿತ್ತು. ಈ ಕಂಪೆನಿ ‘ಓವರ್ಚರ್’ ಎಂದು ಹೆಸರು ಬದಲಿಸಿಕೊಂಡು 2003ರಲ್ಲಿ ಸುಮಾರು 163 ಕೋಟಿ ಡಾಲರಿಗೆ ಯಾಹೂ ಪಾಲಾಯಿತು. ಇಂದಿಗೂ ಅಂತರಜಾಲದ ಜಾಹೀರಾತು ನಿಂತಿರುವುದು ಈ ಹರಾಜಿನ ಅಡಿಪಾಯದ ಮೇಲೆಯೇ. ಆದರೆ ಕೂಗು ಎಲ್ಲರಿಗೂ ಕೇಳಿಸುವ ಸೌಕರ್ಯ ಮಾತ್ರ ಉಳಿಯಲಿಲ್ಲ.

ಆಡ್‌ಸೆನ್ಸ್ ಬಂದ ಮೇಲೆ

2003ರ ಜೂನಿನಲ್ಲಿ ಗೂಗಲ್ ‘ಆಡ್‌ಸೆನ್ಸ್’ ಎಂಬ ವ್ಯವಸ್ಥೆಯನ್ನು ಸಣ್ಣ ತಾಣಗಳಿಗೆ ತೆರೆಯಿತು. ಈ ಚರಿತ್ರೆಯ ನಡುಗಂಬ ಇದೇ. ತಾಣದ ಒಡೆಯನು ನಾಲ್ಕು ಸಾಲಿನ ಸಂಕೇತವನ್ನು ತನ್ನ ಪುಟಕ್ಕೆ ಅಂಟಿಸಿದರೆ ಸಾಕು. ಯಂತ್ರವು ಪುಟವನ್ನು ಓದಿ, ಅಡಿಗೆಯ ಪುಟವಾದರೆ ಮಿಕ್ಸಿಯ ಜಾಹೀರಾತನ್ನೂ ಪ್ರವಾಸದ ಪುಟವಾದರೆ ಹೋಟೆಲಿನ ಜಾಹೀರಾತನ್ನೂ ತಾನೇ ತಂದು ಕೂರಿಸುತ್ತದೆ. ವರ್ತಕನ ಬಳಿ ಹೋಗಿ ಹಲ್ಲುಗಿಂಜಬೇಕಾಗಿಲ್ಲ, ಬಿಲ್ಲು ಬರೆಯಬೇಕಾಗಿಲ್ಲ, ವಸೂಲಿಗೆ ಅಲೆಯಬೇಕಾಗಿಲ್ಲ. ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ಹಿರಿಯರಿಗೆ ಇದು ಪವಾಡವೆಂದೇ ತೋರಿದ್ದೀತು.

ಗಳಿಕೆ ಹತ್ತು ಡಾಲರಿಗೆ ಮುಟ್ಟಿದಾಗ ವಿಳಾಸದ ಪರೀಕ್ಷೆಗೆಂದು ಅಂಚೆಯಲ್ಲಿ ಒಂದು ಗುಪ್ತಸಂಖ್ಯೆಯ ಕಾಗದ ಬರುತ್ತಿತ್ತು. ನೂರು ಡಾಲರು ತುಂಬಿದ ಮೇಲೆ ಹಣ. ಮೊದಲು ಅಂಚೆಯಲ್ಲಿ ಚೆಕ್ಕು, ಈಚೆಗೆ ನೇರ ಬ್ಯಾಂಕಿಗೆ. ಆಗ್ರಾದ ಅಮಿತ್ ಅಗರ್ವಾಲರು 2004ರಲ್ಲಿ ನೌಕರಿ ಬಿಟ್ಟು ಬರವಣಿಗೆಯಿಂದಲೇ ಬದುಕು ಕಟ್ಟಿಕೊಂಡದ್ದು ದೇಶದ ತರುಣರಿಗೆಲ್ಲ ದೊಡ್ಡ ಪ್ರೇರಣೆಯಾಯಿತು. ಆದರೆ ಅವರು ಬರೆದದ್ದು ಇಂಗ್ಲಿಷಿನಲ್ಲಿ ಎಂಬುದನ್ನು ಮರೆಯಲಾಗದು.

ಇನ್ನು ಪಾಲಿನ ವಿಚಾರ. ವರ್ತಕ ಕೊಟ್ಟ ಹಣದಲ್ಲಿ ತನಗೆಷ್ಟು, ತಾಣಕ್ಕೆಷ್ಟು ಎಂಬುದನ್ನು ಗೂಗಲ್ ಮೊದಲ ಏಳು ವರ್ಷ ಬಹಿರಂಗಪಡಿಸಲಿಲ್ಲ. 2010ರ ಮೇ ತಿಂಗಳಲ್ಲಿ ಮಾತ್ರ ಪುಟದ ಜಾಹೀರಾತಿಗೆ ನೂರಕ್ಕೆ 68, ಹುಡುಕಾಟದ ಜಾಹೀರಾತಿಗೆ 51 ತಾಣದ ಒಡೆಯನಿಗೆ ಎಂದು ಪ್ರಕಟಿಸಿತು. ಪತ್ರಿಕೆಗಳ ಕಾಲದ 15ರ ದಲಾಲಿಯ ಪಕ್ಕದಲ್ಲಿ ಈ 32ನ್ನು ಇಟ್ಟು ನೋಡಿರಿ. ಏಜೆನ್ಸಿಯು ಜಾಹೀರಾತನ್ನು ಬರೆದು, ಚಿತ್ರ ಮಾಡಿಸಿ, ಹಣ ಮುಳುಗುವ ಅಪಾಯವನ್ನೂ ಹೊತ್ತು 15 ಇಟ್ಟುಕೊಳ್ಳುತ್ತಿತ್ತು. ಆದರೆ ದಿನಕ್ಕೆ ಐನೂರು ಓದುಗರ ತಾಣಕ್ಕೆ ಯಾವ ಏಜೆನ್ಸಿಯೂ ಬರುತ್ತಿರಲಿಲ್ಲ ಎಂಬುದೂ ಅಷ್ಟೇ ನಿಜ. ಯಂತ್ರವು ಯಾರನ್ನೂ ಸಣ್ಣವರೆಂದು ಅಲಕ್ಷಿಸಲಿಲ್ಲ. ಆ ಸೌಲಭ್ಯಕ್ಕೆ ತೆತ್ತ ಬೆಲೆ ಈ 32.

ಎಣಿಕೆಯ ವಿಚಾರದಲ್ಲಿಯೂ ವ್ಯತ್ಯಾಸವಾಯಿತು. ಮೂರೂ ಪಕ್ಷದವರು ಕೂತು ಎಣಿಸುತ್ತಿದ್ದ ಲೆಕ್ಕವನ್ನು ಈಗ ದಲ್ಲಾಳಿಯೇ ಎಣಿಸುತ್ತಾನೆ. ಸುಳ್ಳು ಒತ್ತುಗಳು ಬಂದಿವೆಯೆಂದು ಅವನಿಗೆ ತೋರಿದರೆ ಖಾತೆ ಬಂದ್. ನೆಂಟರಿಷ್ಟರು ‘ಪಾಪ, ನಮ್ಮ ಹುಡುಗನಿಗೆ ನಾಲ್ಕು ಕಾಸು ಬರಲಿ’ ಎಂದು ಗದಗಿನಿಂದಲೂ ನ್ಯೂಜೆರ್ಸಿಯಿಂದಲೂ ಪ್ರೀತಿಯಿಂದ ಒತ್ತಿದರೂ ನಿಯಮದ ಕಣ್ಣಿಗೆ ಅದು ಅಕ್ರಮವೇ. ಈ ಮಾತನ್ನು ನಮ್ಮ ಕುಟುಂಬಗಳಲ್ಲಿ ಒತ್ತಿ ಹೇಳುವ ಅಗತ್ಯವಿದೆ.

ಯಂತ್ರಕ್ಕೆ ಕನ್ನಡ ಬಾರದ ಕಾಲ

ಯಂತ್ರವು ಪುಟವನ್ನು ಓದಿ ಜಾಹೀರಾತು ತರುತ್ತದೆಂದೆವಷ್ಟೆ. ಅದಕ್ಕೆ ಕನ್ನಡ ಓದಲು ಬರದಿದ್ದರೆ? ಆರಂಭದ ಕನ್ನಡ ತಾಣಗಳಲ್ಲಿ ಒಂದೊಂದಕ್ಕೆ ಒಂದೊಂದು ಅಕ್ಷರಶೈಲಿ, ಒಂದೊಂದು ಸಂಕೇತಕ್ರಮ. ಮನುಷ್ಯರ ಕಣ್ಣಿಗೆ ಕನ್ನಡವಾಗಿ ಕಂಡದ್ದು ಯಂತ್ರಕ್ಕೆ ಅರ್ಥವಿಲ್ಲದ ಇಂಗ್ಲಿಷು ಅಕ್ಷರಗಳ ರಾಶಿ. ‘ಬರಹ’, ‘ನುಡಿ’ ತಂತ್ರಾಂಶಗಳು ಕನ್ನಡ ಬರೆಯುವುದನ್ನು ಸುಲಭ ಮಾಡಿದವು. ಯೂನಿಕೋಡ್ ಬಳಕೆ ಹೆಚ್ಚಿದ ಮೇಲೆ ಸಂಕೇತಗಳ ಗೊಂದಲ ತಗ್ಗಿತು. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’ ಆರಂಭವಾಗಿ, ನೂರಾರು ಮಂದಿ ಕಾಸಿನ ಆಸೆಯಿಲ್ಲದೆ ಬರೆಯತೊಡಗಿದರು.

ಆದರೆ ಆಡ್‌ಸೆನ್ಸಿನ ಒಪ್ಪಿತ ಭಾಷೆಗಳ ಪಟ್ಟಿಯಲ್ಲಿ ಭಾರತದ ಭಾಷೆಗಳು ಬಹುಕಾಲ ಇರಲಿಲ್ಲ. ಪಟ್ಟಿಯಲ್ಲಿಲ್ಲದ ಭಾಷೆಯ ಪುಟಕ್ಕೆ ಸಂಕೇತವನ್ನು ಅಂಟಿಸುವುದು ನಿಯಮಕ್ಕೆ ವಿರುದ್ಧ. ಹಿಂದಿಗೆ ಅವಕಾಶ ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ, ಬಂಗಾಳಿಗೆ 2017ರಲ್ಲಿ, ತಮಿಳು-ತೆಲುಗುಗಳಿಗೆ 2018ರಲ್ಲಿ. ಕನ್ನಡದ ಸರದಿ ಇವುಗಳ ನಂತರ. ಅಂದರೆ ವ್ಯವಸ್ಥೆ ಹುಟ್ಟಿ ಹದಿನೈದು ವರ್ಷ ಕಳೆಯುವವರೆಗೂ ಕನ್ನಡದ ಸಣ್ಣ ತಾಣ ಬಾಗಿಲ ಹೊರಗೇ ನಿಂತಿತ್ತು.

ಇದರ ಪರಿಣಾಮ ಹಣದ ನಷ್ಟಕ್ಕೆ ಮುಗಿಯಲಿಲ್ಲ. ಬರೆಯುವ ಕೈಯಿದ್ದ, ಯಂತ್ರದ ತಿಳಿವಳಿಕೆಯೂ ಇದ್ದ ತರುಣರು ಮೊಬೈಲು ದುರಸ್ತಿಯ ಬಗೆಗೋ ಪರೀಕ್ಷೆಯ ಪ್ರಶ್ನೆಗಳ ಬಗೆಗೋ ಇಂಗ್ಲಿಷಿನಲ್ಲಿ ತಾಣ ಮಾಡಿದರು, ಅದು ದುಡಿಯಿತು. ಕನ್ನಡದ ತಾಣ ರಜಾದಿನದ ಹವ್ಯಾಸವಾಗಿ ಉಳಿಯಿತು. ಮದುವೆಯಾಗಿ, ಮಕ್ಕಳಾಗಿ, ಹಿಂಜವಾಡಿಯ ಗಾಡಿಗಳ ಸಾಲಿನಲ್ಲಿ ದಿನಕ್ಕೆ ಎರಡು ಮೂರು ತಾಸು ಕಳೆಯತೊಡಗಿದ ಮೇಲೆ ಮನುಷ್ಯ ಯಾವುದನ್ನು ಬಿಡುತ್ತಾನೆ? ದುಡಿಯದ್ದನ್ನು. ಹೀಗೆ ನಿಂತುಹೋದ ಕನ್ನಡ ತಾಣಗಳನ್ನು ನಾವು ಎಣಿಸಿಲ್ಲ. ಆದರೆ ಓದುಗರಲ್ಲಿ ಅನೇಕರಿಗೆ ತಮ್ಮ ಪರಿಚಯದ ಒಂದೆರಡಾದರೂ ನೆನಪಿಗೆ ಬಂದಾವು.

ಪ್ರತಿಸ್ಪರ್ಧಿಗಳ ಕಥೆ

ಒಂದೇ ಅಂಗಡಿಯನ್ನು ಏಕೆ ನಂಬಬೇಕು, ಬೇರೆಯವರಿಲ್ಲವೆ ಎಂದು ಕೇಳಬಹುದು. ಬಂದರು, ಹೋದರು. 2005ರ ಆಗಸ್ಟಿನಲ್ಲಿ ಯಾಹೂ ತನ್ನ ‘ಪಬ್ಲಿಷರ್ ನೆಟ್‌ವರ್ಕ್’ ತೆರೆಯಿತು. ಅಮೆರಿಕದ ತಾಣಗಳಿಗಷ್ಟೇ ಪ್ರವೇಶವಿದ್ದ ಅದು 2010ರ ಏಪ್ರಿಲಿಗೆ ಬಾಗಿಲು ಹಾಕಿತು. ಹೋಗುವಾಗ ತನ್ನ ಸದಸ್ಯರಿಗೆ ‘ಚಿಟಿಕಾ’ ಎಂಬ ಇನ್ನೊಂದು ಕಂಪೆನಿಯತ್ತ ಬೆರಳು ತೋರಿಸಿತು. 2003ರಲ್ಲಿ ಅಮೆರಿಕದಲ್ಲಿ ವೆಂಕಟ್ ಕೊಲ್ಲೂರಿ ಮತ್ತು ಆಲ್ಡನ್ ಡೊರೊಸಾರಿಯೊ ಅವರು ಕಟ್ಟಿದ ಈ ಕಂಪೆನಿಯ ಹೆಸರು ತೆಲುಗಿನದು. ಬೆರಳಿನಿಂದ ಹೊಡೆಯುವ ಚಿಟಿಕೆ ಎಂದು ಅರ್ಥ. ಆಡ್‌ಸೆನ್ಸ್ ಸಿಗದವರಿಗೆ ಅದು ಬಹುಕಾಲ ಆಸರೆಯಾಗಿತ್ತು. 2019ರಲ್ಲಿ ಅದೂ ಮುಚ್ಚಿತು.

ಮುಂಬಯಿಯ ದಿವ್ಯಾಂಕ್ ತುರಾಖಿಯಾ ಅವರ ‘ಮೀಡಿಯಾ ಡಾಟ್ ನೆಟ್’ ಯಾಹೂ ಮತ್ತು ಮೈಕ್ರೋಸಾಫ್ಟ್‌ನ ಬಿಂಗ್ ಜಾಹೀರಾತುಗಳನ್ನು ಹಂಚಿ ದೊಡ್ಡದಾಯಿತು. 2016ರಲ್ಲಿ ಚೀನೀಯರ ಗುಂಪೊಂದಕ್ಕೆ ಸುಮಾರು 90 ಕೋಟಿ ಡಾಲರಿಗೆ ಮಾರಾಟವಾಯಿತು. ಒಡೆಯರು ಭಾರತೀಯರಾಗಿದ್ದರೂ ಅದು ಕೇಳುತ್ತಿದ್ದುದು ಇಂಗ್ಲಿಷಿನ ತಾಣಗಳನ್ನು, ಅದರಲ್ಲೂ ಅಮೆರಿಕ, ಬ್ರಿಟನ್, ಕೆನಡಾಗಳ ಓದುಗರನ್ನು. 2006ರಲ್ಲಿ ಮುಂಬಯಿಯಲ್ಲಿ ಆರಂಭವಾದ ‘ಕೋಮ್ಲಿ’ ಭಾರತದ ತಾಣಗಳನ್ನೇ ನಂಬಿ ಹೊರಟಿತು. ಹತ್ತು ವರ್ಷದೊಳಗೆ ಅದರ ಇಲ್ಲಿನ ವ್ಯವಹಾರ ಪರರ ಕೈಸೇರಿತು. ನಮ್ಮ ಬೆಂಗಳೂರಿನಲ್ಲಿ ಬೆಳೆದ ‘ಇನ್‌ಮೊಬಿ’ ಜಗದ್ವಿಖ್ಯಾತವಾಯಿತಾದರೂ ಅದರ ಕ್ಷೇತ್ರ ಮೊಬೈಲು; ಸಣ್ಣ ಬರಹದ ತಾಣಕ್ಕೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಈ ಎಲ್ಲವನ್ನೂ ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ದರದಲ್ಲಿ ಹೆಚ್ಚುಕಡಿಮೆಯಿದ್ದರೂ ಯಾವುದೊಂದೂ ಕನ್ನಡ ಓದುಗನನ್ನು ಬೆಲೆಯುಳ್ಳ ಗಿರಾಕಿಯೆಂದು ಕಂಡು ಹುಟ್ಟಿದ್ದಲ್ಲ. ಅಡತಿ ಅಂಗಡಿಗಳು ಕೋಟಿಗಟ್ಟಲೆ ಡಾಲರಿಗೆ ಬಿಕರಿಯಾದವು. ಮಾಲು ತಂದವರು ಮುಂದಿನ ಅಂಗಡಿ ಹುಡುಕುತ್ತ ಹೊರಟರು.

ಪುಣೆಯಲ್ಲಿ ಕಟ್ಟಿದ ಮಾರುಕಟ್ಟೆ

ಈ ಕಥೆಯಲ್ಲಿ ನಮ್ಮ ಪುಣೆಗೂ ಒಂದು ಪಾತ್ರವುಂಟು. 2006ರಲ್ಲಿ ಆರಂಭವಾದ ‘ಪಬ್‌ಮ್ಯಾಟಿಕ್’ ಕಂಪೆನಿಯ ಯಂತ್ರವ್ಯವಸ್ಥೆಯ ಬಹುಭಾಗ ತಯಾರಾದದ್ದು ಪುಣೆಯ ಎಂಜಿನಿಯರರ ಕೈಯಲ್ಲಿ. 2020ರ ಡಿಸೆಂಬರಿನಲ್ಲಿ ಅದರ ಷೇರುಗಳು ಅಮೆರಿಕದ ನ್ಯಾಸ್‌ಡ್ಯಾಕ್ ಮಾರುಕಟ್ಟೆಗೆ ಬಂದವು. ಒಂದು ಜಾಹೀರಾತು ಕಂಪೆನಿಯನ್ನು ನಂಬುವ ಬದಲು, ತಾಣದ ಪರವಾಗಿ ಹಲವು ಕಂಪೆನಿಗಳಿಂದ ಏಕಕಾಲಕ್ಕೆ ಬೆಲೆ ಕೇಳಿ ಹೆಚ್ಚು ಕೊಟ್ಟವರಿಗೆ ಜಾಗ ಮಾರುವುದು ಅದರ ಕೆಲಸ. ಓದುಗನು ಪುಟವನ್ನು ತೆರೆಯುವ ಕ್ಷಣದಲ್ಲಿ, ಅವನು ಕಣ್ಣು ಮಿಟುಕಿಸುವುದರೊಳಗೆ, ಈ ಹರಾಜು ಮುಗಿಯುತ್ತದೆ.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ರೈತ ತಂದ ಚೀಲಗಳು ದಲಾಲಿ ಅಂಗಡಿಯಲ್ಲಿ ಇಳಿಯುತ್ತವೆ. ವರ್ತಕರು ಕಾಯಿಯ ಬಣ್ಣ ನೋಡಿ ಟೆಂಡರು ಹಾಕುತ್ತಾರೆ. ಹೆಚ್ಚು ಹಾಕಿದವನಿಗೆ ಮಾಲು. ಆದರೆ ಅಲ್ಲಿ ದಲ್ಲಾಳಿ ಬೇರೆ, ಖರೀದಿದಾರ ಬೇರೆ, ಮಾರುಕಟ್ಟೆ ಸಮಿತಿ ಬೇರೆ. ಗೂಗಲ್ 2008ರಲ್ಲಿ 310 ಕೋಟಿ ಡಾಲರು ಕೊಟ್ಟು ಡಬಲ್‌ಕ್ಲಿಕ್ಕನ್ನು ಕೊಂಡ ಮೇಲೆ, ಕೊಳ್ಳುವವನ ದಲ್ಲಾಳಿ, ಮಾರುವವನ ದಲ್ಲಾಳಿ, ಹರಾಜಿನ ಕಟ್ಟೆ ಮೂರೂ ಒಬ್ಬನದೇ ಆದಂತಾಯಿತು. ಈ ಬಗ್ಗೆ ತಕರಾರು ನ್ಯಾಯಾಲಯದವರೆಗೆ ಹೋಯಿತು. 2025ರ ಏಪ್ರಿಲ್ 17ರಂದು ಅಮೆರಿಕದ ವರ್ಜೀನಿಯಾದ ನ್ಯಾಯಾಲಯವು, ತಾಣಗಳ ಕಡೆಯ ಜಾಹೀರಾತು ಸಾಧನ ಮತ್ತು ಹರಾಜುಕಟ್ಟೆ ಇವೆರಡರಲ್ಲಿ ಗೂಗಲ್ ಕಾನೂನುಬಾಹಿರವಾಗಿ ಏಕಸ್ವಾಮ್ಯ ಸಾಧಿಸಿದೆಯೆಂದು ತೀರ್ಪಿತ್ತಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಯುರೋಪಿಯನ್ ಆಯೋಗ 295 ಕೋಟಿ ಯೂರೋ ದಂಡ ಹಾಕಿತು. ನಮ್ಮ ದೇಶದಲ್ಲಿಯೂ ಡಿಜಿಟಲ್ ಸುದ್ದಿ ಪ್ರಕಾಶಕರ ಸಂಘದ ದೂರಿನ ಮೇಲೆ ಸ್ಪರ್ಧಾ ಆಯೋಗವು 2022ರ ಜನವರಿಯಲ್ಲಿ ತನಿಖೆಗೆ ಆಜ್ಞೆ ಮಾಡಿತು.

ಕಂಪೆನಿಯು ತನ್ನ ಕ್ರಮಗಳನ್ನೂ ಬದಲಿಸುತ್ತ ಬಂದಿದೆ. ಆಡ್‌ಸೆನ್ಸಿನಲ್ಲಿ ಒತ್ತಿಗೆ ಹಣವೆಂಬ ಪದ್ಧತಿ ಹೋಗಿ, ಜಾಹೀರಾತು ಕಣ್ಣಿಗೆ ಬಿದ್ದ ಲೆಕ್ಕದ ಮೇಲೆ ಹಣ ಕೊಡುವುದಾಗಿ 2023ರ ನವೆಂಬರಿನಲ್ಲಿ ಪ್ರಕಟಣೆಯಾಯಿತು. ಪಾಲಿನ ಲೆಕ್ಕವನ್ನೂ ಎರಡು ಹಂತ ಮಾಡಿದರು. ಒಟ್ಟಿನಲ್ಲಿ ತಾಣದ ಒಡೆಯನಿಗೆ ಉಳಿಯುವುದು ಸುಮಾರು 68 ಎಂದೇ ಕಂಪೆನಿಯ ಮಾತು.

ಹಿಂಜವಾಡಿಯಂಥ ಕಡೆ ದುಡಿಯುವ ನಮ್ಮ ತರುಣರಿಗೆ ಈ ಯಂತ್ರಗಳ ಒಳಹೊರಗು ತಿಳಿಯದ್ದಲ್ಲ. ಇಂಥ ಹರಾಜುಕಟ್ಟೆಗಳನ್ನು ಕಟ್ಟಬಲ್ಲ ಜಾಣ್ಮೆಯಿರುವ ನಮ್ಮ ಊರಿನಲ್ಲಿಯೇ ಕನ್ನಡದ ತಾಣವೊಂದು ವರ್ಷದ ಬಾಡಿಗೆಗೆ ತಡಕಾಡುವುದು ವಿಪರ್ಯಾಸ. ಜಾಣ್ಮೆಯ ಕೊರತೆ ಇಲ್ಲಿಲ್ಲ. ನಮ್ಮ ಜಾಣ್ಮೆಗೆ ಕನ್ನಡದ ಗಿರಾಕಿ ಇದುವರೆಗೆ ಸಿಕ್ಕಿಲ್ಲ.

ಲೆಕ್ಕ ಹಾಕಿ ನೋಡೋಣ

ಈಗ ಕನ್ನಡವೂ ಒಪ್ಪಿತ ಭಾಷೆಗಳ ಪಟ್ಟಿಯಲ್ಲಿದೆ. ಹಾಗಾದರೆ ಗಳಿಕೆ ಎಷ್ಟಾದೀತು? ಒಂದು ಉದಾಹರಣೆ ಕಟ್ಟಿಕೊಳ್ಳೋಣ. ದಿನಕ್ಕೆ 500 ಓದುಗರು, ತಲೆಗೆ 2 ಪುಟ, ಒಟ್ಟು 1,000 ಪುಟ. ಸಾವಿರ ಪುಟಕ್ಕೆ 20 ರೂಪಾಯಿ ಕೈಗೆ ಬರುತ್ತದೆಂದು ಭಾವಿಸೋಣ. ತಿಂಗಳಿಗೆ 600, ವರ್ಷಕ್ಕೆ 7,200 ರೂಪಾಯಿ. ನೂರು ಡಾಲರು ತುಂಬದೆ ಹಣ ಕೈಗೆ ಬಾರದಷ್ಟೆ. ನೂರು ಡಾಲರೆಂದರೆ ಈಗ ಎಂಟೂವರೆ ಸಾವಿರಕ್ಕೂ ಮೇಲೆ. ಮೊದಲ ಹಣ ಕಾಣಲು ಹದಿನಾಲ್ಕು-ಹದಿನೈದು ತಿಂಗಳು ಕಾಯಬೇಕು. ತಾಣದ ಹೆಸರಿನ ನೋಂದಣಿಗೂ ಬಾಡಿಗೆಗೂ ಈ ಹಣ ಸಾಲಬಹುದು. ಬರೆಯುವವರಿಗೆ ಸಂಭಾವನೆ ಕೊಡಲು ಸಾಲದು. ದೀಪದ ಎಣ್ಣೆಗೆ ಆದೀತು, ಅಡಿಗೆಗೆ ಆಗದು.

ದರ ಹೀಗೇಕೆಂದರೆ, ಹರಾಜಿನಲ್ಲಿ ವರ್ತಕನು ಬೆಲೆ ಕೂಗುವುದು ಓದುಗನ ದೇಶ ಮತ್ತು ಭಾಷೆಯನ್ನು ನೋಡಿ. ಅದೇ ಕನ್ನಡ ಪುಟವನ್ನು ನ್ಯೂಜೆರ್ಸಿಯಲ್ಲಿ ತೆರೆದಾಗ ಒಂದು ಬೆಲೆ, ರಾಣೆಬೆನ್ನೂರಿನಲ್ಲಿ ತೆರೆದಾಗ ಇನ್ನೊಂದು. ಇದಲ್ಲದೆ ಯಾವ ಜಾಹೀರಾತು ಬಂದು ಕೂರುತ್ತದೆಂಬುದೂ ನಮ್ಮ ಕೈಯಲ್ಲಿಲ್ಲ. ವಚನದ ಪುಟದ ಪಕ್ಕದಲ್ಲಿ ಜೂಜಿನ ಕರೆ ಬಂದು ಕೂತರೆ ತಲೆತಗ್ಗಿಸುವವರು ತಾಣದವರೇ. 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿತು. ಇಂಥ ವರ್ಗಗಳನ್ನು ತಡೆಯುವ ಅವಕಾಶ ಆಡ್‌ಸೆನ್ಸ್ ಖಾತೆಯ ಒಳಗೇ ಇದೆ. ತಾಣ ನಡೆಸುವವರು ಮೊದಲ ದಿನವೇ ಅದನ್ನು ಬಳಸಿಕೊಳ್ಳುವುದು ಒಳ್ಳೆಯದು.

ಇನ್ನು ನಮಗೆ ಚೆನ್ನಾಗಿ ಗೊತ್ತಿರುವ ಮತ್ತೊಂದು ಪದ್ಧತಿಯನ್ನು ನೋಡೋಣ. ಪರಊರಿನ ಅನೇಕ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ಸ್ಮರಣ ಸಂಚಿಕೆ ತಂದಿವೆ. ಅದರ ಕೊನೆಯ ಪುಟಗಳನ್ನು ತುಂಬುತ್ತಿದ್ದವರು ಯಾರು? ಉಡುಪಿ ಹೋಟೆಲಿನ ಮಾಲೀಕರು, ಕಿರಾಣಿ ಅಂಗಡಿಯವರು, ವೈದ್ಯರು, ಊರಿಗೆ ಬಸ್ಸು ಓಡಿಸುವವರು. ‘ಶುಭಾಶಯಗಳೊಂದಿಗೆ’ ಎಂಬ ಒಂದು ಸಾಲು, ಕೆಳಗೆ ವಿಳಾಸ. ಕಾರ್ಯದರ್ಶಿಗಳು ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿ ಕೂಡಿಸಿದ ಜಾಹೀರಾತುಗಳು ಅವು. ನಡುವೆ ದಲ್ಲಾಳಿಯಿಲ್ಲ; ನೂರಕ್ಕೆ ನೂರೂ ಸಂಘಕ್ಕೆ. ಕೊಡುವವನಿಗೆ ಓದುಗರು ಯಾರೆಂಬುದು ಗೊತ್ತು, ಓದುವವರಿಗೆ ಅಂಗಡಿಯವನು ಯಾರೆಂಬುದು ಗೊತ್ತು.

ಅದೇ 500 ಓದುಗರ ತಾಣದಲ್ಲಿ ಒಂದು ರೊಟ್ಟಿ-ಚಟ್ನಿಪುಡಿ ಮಾರುವವರು, ಒಂದು ಪುಸ್ತಕದಂಗಡಿ, ಒಂದು ಬಸ್ಸಿನ ಕಂಪೆನಿ, ಹೀಗೆ ಮೂವರು ತಿಂಗಳಿಗೆ ಐನೂರರಂತೆ ಕೊಟ್ಟರೂ ವರ್ಷಕ್ಕೆ 18,000 ರೂಪಾಯಿಯಾಯಿತು. ಯಂತ್ರದ ಗಳಿಕೆಗಿಂತ ಎರಡೂವರೆ ಪಾಲು. ಮೆಣಸಿನಕಾಯಿಯ ಉಪ್ಪಿನಕಾಯಿ ಕೊಳ್ಳುವ ಕನ್ನಡ ಕುಟುಂಬ ಹಿಂಜವಾಡಿಯ ಯಾವ ವಸತಿಯಲ್ಲಿದೆಯೆಂದು ಯಂತ್ರಕ್ಕಿಂತ ನಮ್ಮ ಅಂಗಡಿಯವನಿಗೆ ಹೆಚ್ಚು ಗೊತ್ತು. ಆದ್ದರಿಂದ ಆ ಓದುಗನಿಗೆ ಅವನು ಹೆಚ್ಚು ಬೆಲೆ ಕೊಡಬಲ್ಲ.

ಈ ಪದ್ಧತಿಯಲ್ಲಿ ದೋಷವಿಲ್ಲವೆಂದಲ್ಲ. ಸ್ಮರಣ ಸಂಚಿಕೆಯ ಜಾಹೀರಾತಿನಲ್ಲಿ ವ್ಯಾಪಾರಕ್ಕಿಂತ ದಾಕ್ಷಿಣ್ಯ ಹೆಚ್ಚು. ವರ್ಷಕ್ಕೊಮ್ಮೆ ಕೊಟ್ಟವರು ತಿಂಗಳು ತಿಂಗಳು ಕೊಡಲು ಹಿಂದೆಮುಂದೆ ನೋಡುತ್ತಾರೆ. ಹಣ ಕೊಟ್ಟವರ ವಿರುದ್ಧ ಬರೆಯಲು ಕೈ ಹಿಂಜರಿಯುತ್ತದೆ. ವಸೂಲಿಗೆ ತಿರುಗುವ ಕಾಲುಗಳೂ ಬೇಕು. ಆದರೂ ಇಲ್ಲಿ ಮೇಲೆ ಹೇಳಿದ ಮೂರು ಅಳತೆಗಳೂ ನಮ್ಮ ಕೈಯಲ್ಲಿಯೇ ಉಳಿಯುತ್ತವೆ: ಎಣಿಕೆ ನಮ್ಮದು, ಪಾಲು ಪೂರ್ತಿ ನಮ್ಮದು, ದಾರಿಯೂ ನಮ್ಮದು.

ನಮ್ಮ ಅಭಿಪ್ರಾಯ

ಇಷ್ಟೆಲ್ಲ ನೋಡಿದ ಮೇಲೆ ನಮಗೆ ತೋರುವುದಿಷ್ಟು. ಜಾಹೀರಾತು ಜಾಲಗಳನ್ನು ದೂರ ಇಡಬೇಕಾಗಿಲ್ಲ. ಹನಿ ಹನಿ ಕೂಡಿದರೆ ಹಳ್ಳ. ಕನ್ನಡ ಪುಟವನ್ನು ಒಪ್ಪುವ ಆಡ್‌ಸೆನ್ಸನ್ನು ಬಾಡಿಗೆಯ ಖರ್ಚಿನ ಮಟ್ಟಿಗೆ ಇಟ್ಟುಕೊಳ್ಳಲಿ. ಓದುಗರು ಲಕ್ಷಗಟ್ಟಲೆ ಆದಾಗ ಪುಣೆಯವರದೇ ಮೊದಲಾದ ಹರಾಜುಕಟ್ಟೆಗಳ ಬಾಗಿಲು ತಟ್ಟಲಿ. ಆದರೆ ಮನೆಯ ಆಧಾರಗಂಬವಾಗಿ ಅದನ್ನು ನಂಬಬಾರದು. ಯಾಹೂ, ಚಿಟಿಕಾ, ಕೋಮ್ಲಿಗಳನ್ನು ನಂಬಿದ್ದವರ ಚರಿತ್ರೆಯೇ ಇದಕ್ಕೆ ಸಾಕ್ಷಿ. ಆಧಾರ ಬೇಕಾದರೆ ಮೂರು ಕಾಲಿನ ಮಣೆಯಂತೆ ಇರಲಿ: ಒಂದು ಯಂತ್ರದ ಜಾಹೀರಾತು, ಒಂದು ನಮ್ಮ ಅಂಗಡಿಯವರ ನೇರ ಜಾಹೀರಾತು, ಒಂದು ಓದುಗರ ವಾರ್ಷಿಕ ಚಂದಾ.

ಸಂಘಗಳು ಇಲ್ಲಿ ಒಂದು ಕೆಲಸ ಮಾಡಬಹುದು. ಸ್ಮರಣ ಸಂಚಿಕೆಗೆ ಜಾಹೀರಾತು ಕೂಡಿಸಿ ಅನುಭವವಿರುವ ಹಿರಿಯರು ನಮ್ಮಲ್ಲಿದ್ದಾರೆ. ತಾಣ ಕಟ್ಟಿ ನಡೆಸಬಲ್ಲ ಕಿರಿಯರು ಹಿಂಜವಾಡಿಯಲ್ಲಿದ್ದಾರೆ. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ. ಹತ್ತು ಕನ್ನಡ ತಾಣಗಳು ಕೂಡಿ ಒಂದೇ ದರಪಟ್ಟಿ, ಒಂದೇ ರಸೀದಿ ಇಟ್ಟುಕೊಂಡು ಹೊರಟರೆ ಅಂಗಡಿಯವನಿಗೂ ಹತ್ತು ಮಂದಿಗೆ ಉತ್ತರ ಹೇಳುವ ಕಷ್ಟ ತಪ್ಪುತ್ತದೆ. ಅದೂ ಒಂದು ಜಾಹೀರಾತು ಜಾಲವೇ. ಹಿರಿಯರು ಅದನ್ನು ರಸೀದಿ ಪುಸ್ತಕದ ಮೇಲೆ ನಡೆಸಿದರು, ಕಿರಿಯರು ಯಂತ್ರದ ಮೇಲೆ ನಡೆಸಲಿ.

ಮೊದಲು ಬೇಕಾದದ್ದು ಒಂದು ಪಟ್ಟಿ: ಪುಣೆಯಲ್ಲಿ ಕನ್ನಡ ತಾಣ ನಡೆಸುತ್ತಿರುವವರು ಯಾರು, ಅವರಿಗೆ ದಿನಕ್ಕೆ ಓದುಗರೆಷ್ಟು, ವರ್ಷದ ಖರ್ಚೆಷ್ಟು. ಈ ಮೂರು ಕಲಮುಗಳನ್ನು ತುಂಬುವ ಕೆಲಸವನ್ನು ಮುಂದಿನ ರಾಜ್ಯೋತ್ಸವದೊಳಗೆ ಮುಗಿಸಬಹುದು. ತಾಣ ನಡೆಸುವ ಬಂಧುಗಳು ತಮ್ಮ ಲೆಕ್ಕವನ್ನು ಸಂಕೋಚಪಡದೆ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಬೇಕೆಂದು ಕೋರುತ್ತೇವೆ.